ತೊಟ್ಟಿಲಿನ ಕೊಂಡಿ

ಮೊನ್ನೆ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಮಳೆ ಹಿಡಿಯಿತು. ಡ್ರೈವರನ ಮುಂದಿನ ಗಾಜಿನ ಮೇಲೆ ವೈಪರ್ ಕಿರುಗುಟ್ಟುತ್ತ, ಕೆಲಸಕ್ಕೆ ಮನಸ್ಸಿಲ್ಲದವರ ಹಾಗೆ ಆಡುತ್ತಿತ್ತು. ಇದರ ಮುಖಕ್ಕಿಷ್ಟು ಎಂದು ಬೈದೆ. ಪಕ್ಕದ ಸೀಟಿನ ಕಾಲೇಜು ಹುಡುಗಿ ನಕ್ಕು, ಅದನ್ನು ಮೊದಲು ಕಂಡುಹಿಡಿದವಳು ಒಬ್ಬ ಹೆಂಗಸು, ಬೈಯಬೇಡಿ ಅಂದಳು. ಪಾತ್ರೆ ತೊಳೆಯುವ ಯಂತ್ರವೂ ಹೆಂಗಸಿನದೇ ಅಂತೆ. ಕಾಲೇಜಿನಲ್ಲಿ ಇದರ ಮೇಲೆ ಅವಳ ಭಾಷಣವಿತ್ತಂತೆ. ಈ ಸಾಲಿನಲ್ಲಿ ನನ್ನದೇನು ಎಂದು ಯೋಚಿಸಿದೆ. ಮುರಿದ ಕುಕ್ಕರ್ ಹಿಡಿಕೆಗೆ ಹಳೆಯ ಸೀರೆಯ ಅಂಚು ಸುತ್ತಿದ್ದೆ, ಅಷ್ಟೇ. ಅದೂ ಒಂದು ದಿನ ಹೊತ್ತಿಕೊಂಡಿತು.

ಆಗ ನೆನಪಾದವಳು ನಮ್ಮೂರು ಭೋಜದ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ.

ನಾವು ಜೈನರು ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಇದು ನಿಮಗೂ ಗೊತ್ತಿರುತ್ತದೆ. ಗೊತ್ತಿರದಿರಬಹುದಾದದ್ದು ಮುಂದಿನ ಮಾತು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ಮರಳಬೇಕು. ಬಟ್ಟೆ ಜಾಲಿಸಿದ ನೀರನ್ನು ಅದೇ ಬಾವಿಗೆ ಬಿಡಬೇಕು. ಮೇಲಿಂದ ಸುರುವಿದರೆ ಬಿದ್ದ ಪೆಟ್ಟಿಗೆ ಸತ್ತಾವೆಂದು, ಬಾವಿಯ ಮೆಟ್ಟಿಲಿಳಿದು ನೀರಿನ ಮಟ್ಟದಲ್ಲಿ ಮೆಲ್ಲಗೆ ಬಿಡಬೇಕು. ನಮ್ಮ ಅಜ್ಜಿಯನ್ನು ಆಯಿ ಎನ್ನುತ್ತಿದ್ದೆವು. ಈ ವಿಷಯದಲ್ಲಿ ಆಯಿಯ ಮಾತೆಂದರೆ ಮಾತು. ಆಕೆಯ ಮೊಣಕಾಲು ಹೋಗಿದ್ದವು. ಅಪ್ಪನ ನೌಕರಿಗಾಗಿ ನಾವು ಅಥಣಿಯಲ್ಲಿದ್ದುದರಿಂದ ಹಿರಿ ಸೊಸೆಯಾದ ನನ್ನ ಅವ್ವ ಅಲ್ಲಿರಲಿಲ್ಲ. ಚಿಕ್ಕಪ್ಪ ಕಾಕಾನನ್ನು ಕಳಿಸಿದರೆ ಅರ್ಧ ಮೆಟ್ಟಿಲಿನಿಂದಲೇ ಸುರುವಿ ಬಂದು, ಏನೂ ಅರಿಯದವನಂತೆ ಚಹಾ ಕೇಳುತ್ತಿದ್ದ. ನೀರು ಬಿದ್ದ ಸಪ್ಪಳ ಆಯಿಗೆ ಅಡುಗೆಮನೆಯಲ್ಲೇ ಕೇಳುತ್ತಿತ್ತು. ಹೀಗೆ ಆ ಪಾಚಿಗಟ್ಟಿದ ಮೆಟ್ಟಿಲು ಕಾಕುವಿನ ಪಾಲಿಗೆ ಬಂದವು.

ನಾವು ರಜೆಗೆ ಹೋಗಿದ್ದ ಆ ವರ್ಷ ಕಾಕು ಬಸುರಿ, ದಿನ ತುಂಬುತ್ತ ಬಂದಿದ್ದವು. ಒಂದು ಬೆಳಿಗ್ಗೆ ಕಾಲು ಜಾರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪುಣ್ಯಕ್ಕೆ ಬಳೆಯಷ್ಟೇ ಒಡೆದವು. ಆಯಿಯ ಮುಖ ಮಾತ್ರ ನೋಡಲಾಗುತ್ತಿರಲಿಲ್ಲ. ಹೊಟ್ಟೆಯಲ್ಲಿರುವುದೂ ಜೀವ, ನೀರಲ್ಲಿರುವುದೂ ಜೀವ. ನಾಳೆಯಿಂದ ತಾನೇ ಇಳಿಯುತ್ತೇನೆ ಎಂದು ಆಯಿ ಕೋಲು ಹುಡುಕತೊಡಗಿದಳು. ನನಗೆ ಅಳುವೇ ಬಂತು.

ಅಂದು ಮಧ್ಯಾಹ್ನ ಕಾಕು ಕೆಲಸ ಶುರುಮಾಡಿದಳು. ಬರುವ ಕೂಸಿಗೆಂದು ತಿಕ್ಕಲು ಇಳಿಸಿದ್ದ ತೊಟ್ಟಿಲಿನ ಕೊಂಡಿಯನ್ನು ಬಿಚ್ಚಿದಳು. ಹಿಡಿಕೆಯಿದ್ದ ಸಣ್ಣ ಹಿತ್ತಾಳೆ ಬಕೀಟಿನ ತಳಕ್ಕೆ ಕಲಾಯಿಯವನಿಂದ ಉಂಗುರವೊಂದನ್ನು ಬೆಸೆಸಿದಳು. ಹಗ್ಗದ ತುದಿಯನ್ನು ಆ ತಳದ ಉಂಗುರಕ್ಕೆ ಕಟ್ಟಿ, ಹಗ್ಗದ ಸ್ವಲ್ಪ ಮೇಲೆ ಕೊಂಡಿ ಕಟ್ಟಿ, ಕೊಂಡಿಯನ್ನು ಹಿಡಿಕೆಗೆ ಸಿಕ್ಕಿಸಿದಳು. ಬಕೀಟು ನೆಟ್ಟಗೆ ಇಳಿಯುತ್ತದೆ. ನೀರು ಮುಟ್ಟಿದೊಡನೆ ತೇಲುತ್ತದೆ, ಹಗ್ಗ ಸಡಿಲಾಗಿ ಕೊಂಡಿ ಕಳಚುತ್ತದೆ. ಎಳೆದರೆ ತಳ ಮೇಲಾಗಿ, ಒಳಗಿನ ನೀರು ಸದ್ದಿಲ್ಲದೆ ಬಾವಿಯ ನೀರಿಗೆ ಸೇರುತ್ತದೆ.

ಸೇರಬೇಕಿತ್ತು. ಮೊದಲ ಸಲ ಬಕೀಟು ಬಾವಿಯ ಕಲ್ಲಿಗೆ ಬಡಿದು, ನಡುವೆಯೇ ಕೊಂಡಿ ಕಳಚಿ, ನೀರೆಲ್ಲ ದೊಪ್ಪೆಂದು ಬಿತ್ತು. ಸತ್ತ ಜೀವಗಳ ಪಾಪಕ್ಕೆಂದು ಆಯಿ ಆ ದಿನ ಉಪವಾಸ ಕೂತಳು. ತಾನೂ ಉಣ್ಣುವುದಿಲ್ಲವೆಂದ ಕಾಕುವಿಗೆ ಮಾತ್ರ ಗದರಿ ರೊಟ್ಟಿ ತಿನ್ನಿಸಿದಳು. ಕಾಕು ರೊಟ್ಟಿ ಅಗಿಯುತ್ತಲೇ ಕಣ್ಣು ಬಾವಿಯ ಕಡೆ ನೆಟ್ಟಿದ್ದಳು. ಹಗ್ಗವನ್ನು ದಂಡೆಯಿಂದ ಬಿಟ್ಟದ್ದೇ ತಪ್ಪು ಅನ್ನುವುದು ಅಲ್ಲಿಯೇ ಹೊಳೆದಿರಬೇಕು. ಮರುದಿನ ಅದನ್ನು ಬಾವಿಯ ನಡುವಿಗೆ ಚಾಚಿದ್ದ ರಾಟೆಯ ಮೇಲೆ ಹಾಯಿಸಿದಳು.

ಈ ಸಲ ಆಯಿ ಹಗ್ಗ ತಾನೇ ಹಿಡಿದಳು. ಬಕೀಟು ಇಳಿಯಿತು, ನಿಂತಿತು. ಆಯಿ ಎಳೆದಳು. ಕಿವಿಗೊಟ್ಟು ನಿಂತವರಿಗೆ ಏನೂ ಕೇಳಲಿಲ್ಲ. ಬಕೀಟು ತಲೆಕೆಳಗಾಗಿ, ಬರಿದಾಗಿ ಮೇಲೆ ಬಂತು.

"ಇನ್ನ ನೀ ಇಳೀಬ್ಯಾಡ ಬೇ," ಅಂದಳು ಆಯಿ. "ತೊಟ್ಟಿಲಕ್ಕ ಬ್ಯಾರೆ ಕೊಂಡಿ ತರಸ್ತೀನಿ."

ಆಮೇಲೆ ಓಣಿಯ ಮನೆಗಳಲ್ಲೂ ಅಂಥ ಬಕೀಟು ಬಂದವು. ನಾವೇ ಮಾಡಿದ್ದು ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದ. ಅವನು ಕೊಟ್ಟದ್ದು ಹಗ್ಗ. ಬೇರೆ ಊರುಗಳಲ್ಲಿ ಇಂಥದ್ದು ಮೊದಲೇ ಇತ್ತೆಂದು ದೊಡ್ಡವಳಾದ ಮೇಲೆ ಕೇಳಿದೆ. ಇರಲಿ, ನಮ್ಮ ಕಾಕು ಅದನ್ನು ಕಂಡಿರಲಿಲ್ಲವಲ್ಲ.

ಚಿಕ್ಕೋಡಿಯಲ್ಲಿ ಇಳಿದು ನಾನು ಹೋದದ್ದು ಕಾಕುವಿನ ಬಳಿಗೇ. ಈಗ ಮಗಳ ಮನೆಯಲ್ಲಿದ್ದಾಳೆ, ಅಂದು ಹೊಟ್ಟೆಯಲ್ಲಿದ್ದಳಲ್ಲ, ಅದೇ ಮಗಳು. ಒದ್ದೆ ಸೆರಗು ಹಿಂಡುತ್ತಲೇ ವೈಪರಿನ ಕಥೆ ಹೇಳಿದೆ. ಎಷ್ಟೋ ವರ್ಷದ ಹಿಂದೆ, ದೂರದ ದೇಶದ ಹೆಂಗಸು, ಯಾರ ಸಹಾಯವೂ ಇಲ್ಲದೆ ಯೋಚಿಸಿದ್ದು ಎಂದೆಲ್ಲ ಹುಡುಗಿಯ ಭಾಷಣವನ್ನೇ ಒಪ್ಪಿಸಿದೆ. ಕಾಕು ನಳದ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತ ಎಲ್ಲ ಕೇಳಿದಳು. ಗಂಟು ಬಿಗಿದು ನನ್ನ ಕಡೆ ತಿರುಗಿದಳು.

"ಆಕಿ ಅತ್ತಿ ಏನಂದ್ಲಂತ?"

ಹುಡುಗಿಯ ಭಾಷಣದಲ್ಲಿ ಅತ್ತೆಯ ಮಾತೇ ಇರಲಿಲ್ಲ.