ಖಾಲಿ ಸ್ಟುಡಿಯೋದ ಮೈಕು

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ಅವಳ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಅಡುಗೆಮನೆಯಲ್ಲಿ ನಿಂತು, "ಸಕ್ಕರೆ ಡಬ್ಬಿ ಅಷ್ಟು ಮೇಲೆ ಯಾಕಿದೆ ಅತ್ತೆ? ದಿನಾ ಸ್ಟೂಲು ಹತ್ತಬೇಕಲ್ಲ?" ಎಂದು ಕೇಳಿದ್ದಳು. ಅತ್ತೆ ಸೌಟು ಹಿಡಿದುಕೊಂಡೇ ಯೋಚಿಸಿದರು. ಗಂಡುಮಕ್ಕಳು ಚಿಕ್ಕವರಿದ್ದಾಗ ಮುಷ್ಟಿಗಟ್ಟಲೆ ಬಾಯಿಗೆ ಸುರಿದುಕೊಳ್ಳುತ್ತಾರೆಂದು ಮೇಲಿಟ್ಟ ಡಬ್ಬಿ ಅದು. ಆ ಮಕ್ಕಳಲ್ಲಿ ಒಬ್ಬನಿಗೆ ಆಗಲೇ ನೆತ್ತಿ ಬೋಳಾಗುತ್ತಿತ್ತು. ಅತ್ತೆ ಬಿದ್ದುಬಿದ್ದು ನಕ್ಕರು, ಡಬ್ಬಿ ಕೆಳಗಿಳಿಸಿದರು, ಅವತ್ತಿನಿಂದ ಸೊಸೆಯನ್ನು ಯಾಕಮ್ಮ ಎಂದೇ ಕರೆದರು. ಆ ಹೆಸರು ಹೇಗೋ ಮನೆಯ ಹೊಸಿಲು ದಾಟಿ ಅವಳ ಕಚೇರಿಯನ್ನೂ ಮುಟ್ಟಿತು.

ಕಚೇರಿ ಎಂದರೆ ರೇಡಿಯೋ ಕೇಂದ್ರ. ಬೆರಳಚ್ಚು ಮಾಡಲು ಸೇರಿದವಳು ಅವಳು. ಕಂಪ್ಯೂಟರ್‌ಗಳು ಬಂದ ಕಾಲದಲ್ಲಿ, ಯಂತ್ರ ಕೆಟ್ಟಿತೆಂದರೆ ಉಳಿದವರಿಗೆ ಹಬ್ಬ. ಎಲ್ಲರೂ ಚಹಾಕ್ಕೆ ಎದ್ದು ಹೋಗುತ್ತಿದ್ದರು. ಇವಳು ಮಾತ್ರ ರಿಪೇರಿಯವನ ಬೆನ್ನಿಗೆ ನಿಂತು, ಅದು ಯಾಕೆ, ಇದು ಯಾಕೆ ಎಂದು ಪೀಡಿಸುತ್ತಿದ್ದಳು. ಪೀಡೆ ತಾಳಲಾರದೆ ಅವನು ಕಲಿಸಿಕೊಟ್ಟ. ಮುಂದೆ ಅವನು ಬರುವುದನ್ನೇ ಬಿಟ್ಟ, ಏಕೆಂದರೆ ಕರೆಯುವ ಅಗತ್ಯವೇ ಬೀಳಲಿಲ್ಲ. ಹೀಗೆ ಸರ್ವರ್ ಕೋಣೆಯ ಬೀಗದ ಕೈ ಇವಳ ಸೆರಗಿಗೆ ಬಂತು.

ಗಂಡ ಗೂಡ್ಸ್ ರೈಲಿನ ಚಾಲಕ. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಕಣ್ಣು ಪೂರ್ತಿ ಮಂಜಾದ ಮೇಲೆ ಅತ್ತೆಗೆ ಸೊಸೆಯ ಕೇಂದ್ರದ ರೇಡಿಯೋವೇ ಹಗಲಿನ ಜೊತೆಗಾರ. ಅವರದೊಂದು ಹಳೆಯ ದೂರಿತ್ತು.

"ನಿಮ್ಮ ರೇಡಿಯೋದಲ್ಲಿ ಯಾರೋ ಗುನುಗ್ತಾರೆ ಕಣೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಮುಂಚೆ."

"ಬೇರೆ ಸ್ಟೇಷನ್ ಸೇರಿಕೊಂಡಿರುತ್ತೆ ಅತ್ತೆ."

ಯಾಕೆ ಎಂದು ಕೇಳದೆ ಯಾಕಮ್ಮ ಬಿಟ್ಟುಬಿಟ್ಟ ಮಾತು ಬಹುಶಃ ಇದೊಂದೇ.

ಒಂದು ವರ್ಷ ಬೇರೊಂದು ಊರಿನ ಕೇಂದ್ರದ ಸರ್ವರ್‌ಗೆ ಯಾರೋ ನುಗ್ಗಿದರು. ಹಾಡುಗಳನ್ನು ಪ್ರಸಾರ ಮಾಡುವ ಕಂಪ್ಯೂಟರ್ ಪ್ರೋಗ್ರಾಂನಲ್ಲಿದ್ದ ಸಣ್ಣ ಬಿರುಕಿನಿಂದ ಒಳಬಂದವರು ಸಂಬಳದ ಕಡತಗಳವರೆಗೂ ಕೈಚಾಚಿದ್ದರು. ಎಲ್ಲ ಕೇಂದ್ರಗಳಿಗೂ ಮೇಲಿನಿಂದ ಆದೇಶ ಬಂತು: ಸರ್ವರ್‌ಗಳಲ್ಲಿ ಕಡ್ಡಾಯ ಪ್ರವೇಶ ನಿಯಂತ್ರಣ ಅಳವಡಿಸಬೇಕು. ಕೇಂದ್ರದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರು ಯಾಕಮ್ಮನನ್ನು ಕರೆದು, "ಹಾಕಿ ಅಂದಿದ್ದಾರೆ, ಹಾಕಿ. ತೊಂದರೆ ಕೊಟ್ರೆ ತೆಗೆದುಬಿಡಿ" ಎಂದು ಕೈ ತೊಳೆದುಕೊಂಡರು.

ಆ ಸಂಜೆ ಬಟಾಣಿ ಸುಲಿಯುತ್ತಾ ಅತ್ತೆ ಕೇಳಿದರು, "ಏನೇ ಅದು ಕಡ್ಡಾಯ?"

"ಈಗ ಒಂದು ಕಡತ ಯಾರದೋ, ಅವರೇ ಅದಕ್ಕೆ ಯಜಮಾನರು ಅತ್ತೆ. ಯಾರು ಬೇಕಾದ್ರೂ ನೋಡ್ಲಿ ಅಂತ ಅವರು ಬಿಟ್ರೆ ಮುಗೀತು. ಇನ್ಮೇಲೆ ಯಜಮಾನರು ಒಪ್ಪಿದ್ರೂ ಸಾಲದು. ಯಾವ ಪ್ರೋಗ್ರಾಂ ಏನೇನು ಮುಟ್ಟಬಹುದು ಅಂತ ಮೊದಲೇ ನಿಯಮ ಬರೆದಿರುತ್ತೆ. ಅದರಲ್ಲಿ ಇಲ್ಲದ್ದನ್ನ ಯಂತ್ರವೇ ತಡೆಯುತ್ತೆ."

"ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನು."

"ಹೂಂ, ಹಾಗೇ. ಆ ಪೂಜಾರಿಗೆ ಏನು ಹೇಳಿಕೊಡಬೇಕು ಅನ್ನೋದೇ ಈಗ ನನ್ನ ಕೆಲಸ."

ಅವಳು ಒಮ್ಮೆಲೇ ತಡೆ ಹಾಕಲಿಲ್ಲ. ಈ ವ್ಯವಸ್ಥೆಗೆ ಬರೀ ಕಾವಲು ಕಾಯುವ ಸ್ಥಿತಿಯೂ ಒಂದಿದೆ: ಯಾರನ್ನೂ ತಡೆಯುವುದಿಲ್ಲ, ತಡೆಯಬೇಕಿದ್ದವರನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ಪ್ರಸಾರದ ಪ್ರೋಗ್ರಾಂ ಹಗಲೆಲ್ಲ ಯಾವ ಯಾವ ಬಾಗಿಲು ತಟ್ಟುತ್ತದೆ ಎಂದು ನೋಡುತ್ತಾ ಕುಳಿತಳು. ಹಾಡಿನ ಕಡತ ಓದಿತು, ಸರಿ. ಧ್ವನಿಯನ್ನು ಹೊರಗೆ ಕಳಿಸಿತು, ಸರಿ. ಗಡಿಯಾರದ ವಿವರ ಕೇಳಿತು, ಅದೂ ಸರಿ. ಬಳಕೆದಾರರ ಹೆಸರುಗಳಿರುವ ಕಡತವನ್ನು ತೆರೆದಾಗ ಮಾತ್ರ ಅವಳಿಗೆ ಅನುಮಾನ ಬಂತು. ಕೆದಕಿ ನೋಡಿದರೆ, ಪಾಪ, ತನ್ನದೇ ಹೆಸರೇನೆಂದು ತಿಳಿಯಲು ತೆರೆದದ್ದು. ಅವಳಿಗೆ ನಗು ಬಂತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದ ಪ್ರೋಗ್ರಾಂ ಒಳಗೊಳಗೆ ಏನು ಮಾಡುತ್ತಿತ್ತೆಂದು ತನಗೇ ಗೊತ್ತಿರಲಿಲ್ಲವಲ್ಲ!

ಆಮೇಲೆ ಬಂತು ಆ ವಿಚಿತ್ರ ಸಾಲು. ಪ್ರೋಗ್ರಾಂ ಮೈಕನ್ನು ತೆರೆಯುತ್ತಿತ್ತು, ಅದೂ ಆಗಾಗ.

ಹಾಡು ಕೇಳಿಸುವುದಕ್ಕೆ ಬಾಯಿ ಸಾಕು, ಕಿವಿ ಯಾಕೆ? ಯಾಕಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. ಯಾರಾದರೂ ನುಗ್ಗಿದ್ದಾರೆಯೇ ಎಂದು ಮೊದಲು ಹುಡುಕಿದಳು. ಅಂಥ ಸುಳಿವಿರಲಿಲ್ಲ. ಹೊತ್ತು ಹೋಲಿಸಿ ನೋಡಿದಾಗ ಎಳೆ ಸಿಕ್ಕಿತು. ಹಳೆಯ ಡಿಸ್ಕು ಮುಂದಿನ ಹಾಡಿಗಾಗಿ ತಡಕಾಡುವಾಗ ಪ್ರಸಾರದಲ್ಲಿ ಒಂದು ಮೌನ ಬೀಳುತ್ತದೆ. ಮೈಕು ತೆರೆಯುವುದು ಆಗಲೇ.

ಅವಳು ಪುಟ್ಟ ರೇಡಿಯೋ ಒಂದನ್ನು ತೆಗೆದುಕೊಂಡು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಸ್ಟುಡಿಯೋ ಕಡೆ ನಡೆದಳು. ಕಾರ್ಯಕ್ರಮಗಳೆಲ್ಲ ಮೊದಲೇ ಧ್ವನಿಮುದ್ರಣವಾಗುವ ಈ ಕಾಲದಲ್ಲಿ ಅಲ್ಲಿ ಉದ್ಘೋಷಕರು ಕೂರುವುದೇ ಇಲ್ಲ. ದಪ್ಪ ಬಾಗಿಲು ತಳ್ಳಿದರೆ, ಕಸ ಗುಡಿಸುವ ಅಣ್ಣ ನೆಲ ಒರೆಸುತ್ತಾ ತನ್ನ ಪಾಡಿಗೆ ಗುನುಗುತ್ತಿದ್ದ. ಇಯರ್‌ಫೋನಿನಲ್ಲಿ ಹಾಡು ಮುಗಿಯಿತು. ಮರುಕ್ಷಣ, ಅದೇ ಗುನುಗು ಎರಡೂ ಕಿವಿಗೆ ಕೇಳಿತು.

ಯಾಕಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ನಿವೃತ್ತರಾದ ಹಳೆಯ ಇಂಜಿನಿಯರ್‌ಗೆ ಫೋನ್ ಮಾಡಿದಳು.

"ಅದಾ? ಅದು ನಾನೇ ಮಾಡಿದ್ದು ಕಣಮ್ಮ," ಎಂದು ಅವರು ಹೆಮ್ಮೆಯಿಂದ ಹೇಳಿದರು. "ಹಾಡು ನಿಂತುಹೋದ್ರೆ ಮೈಕ್ ತಾನಾಗೇ ತೆರೀಬೇಕು, ಉದ್ಘೋಷಕರು ಏನಾದ್ರೂ ಮಾತಾಡಿ ಸಂಭಾಳಿಸಬೇಕು. ಆಗೆಲ್ಲ ಅಲ್ಲಿ ಯಾವಾಗಲೂ ಒಬ್ಬರು ಇರ್ತಿದ್ರು. ಈಗ ಯಾರಿರ್ತಾರೆ?"

"ಯಾರೂ ಇರಲ್ಲ ಸರ್."

"ಅಯ್ಯೋ ಶಿವನೇ," ಎಂದರು ಇಂಜಿನಿಯರ್.

ಗುಡಿಸುವ ಅಣ್ಣನಿಗೆ ಹೇಳದೆ ಇರಲಾಗುವುದೇ? ಹೇಳಿದಳು. ಅವನು ಮೊದಲು ನಾಚಿ ಹಲ್ಲು ಕಿರಿದ. ಆಮೇಲೆ ಏನೋ ನೆನಪಾಗಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತ.

"ಬರೀ ಹಾಡು ಹೋಗಿದ್ದಾ ಮೇಡಂ? ಮಾತೂ ಹೋಗಿದೆಯಾ?"

"ಯಾಕಣ್ಣ?"

"ಈ ಕೋಣೆಯಿಂದ ಹೊರಗೆ ಸದ್ದು ಹೋಗಲ್ಲ ಅಂತ ಮಗಳ ಹತ್ರ ಇಲ್ಲೇ ಫೋನಲ್ಲಿ ಮಾತಾಡ್ತಿದ್ದೆ. ಅವಳ ಗಂಡ ಹೊಡೀತಿದ್ದ. ಮನೇಲಿ ಮಾತಾಡಿದ್ರೆ ನನ್ನ ಹೆಂಡ್ತಿಗೆ ಕೇಳುತ್ತೆ, ಎದೆ ಒಡ್ಕೋತಾಳೆ."

ಇಡೀ ಕಟ್ಟಡದಲ್ಲಿ ಗುಟ್ಟು ಮಾತಾಡಲು ಅವನು ಆರಿಸಿಕೊಂಡ ಜಾಗ ನೋಡಿ!

ಮನೆಗೆ ಬಂದವಳೇ ಅತ್ತೆಯ ಪಕ್ಕ ಕುಳಿತಳು. "ಅತ್ತೆ, ಆ ಗುನುಗೋರು ಯಾವತ್ತಾದ್ರೂ ಮಾತಾಡಿದ್ದು ಕೇಳಿದ್ದೀರಾ?"

"ಕೇಳಿದ್ದೆ. ಒಂದು ಸಲ, 'ಅಳಬೇಡ ಮಗಳೇ, ನಾನೇ ಬಂದು ಕರ್ಕೊಂಡು ಬರ್ತೀನಿ' ಅಂದ್ರು. ಅಷ್ಟರಲ್ಲಿ ಹಾಡು ಬಂತು. ನಾಟಕ ಅಂದ್ಕೊಂಡೆ. ಮುಂದೇನಾಯ್ತೋ ಅಂತ ಎಷ್ಟು ದಿನ ಕಾದಿದ್ದೀನಿ ಗೊತ್ತಾ? ಮುಂದಿನ ಭಾಗ ಹಾಕಲೇ ಇಲ್ಲ ನಿಮ್ಮವರು."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಗುಟ್ಟು ಗುಡಿಸುವ ಅಣ್ಣನದು; ಅದು ನಾಟಕವಲ್ಲವೆಂದು ಆಗ ಹೇಳಲು ಅವಳಿಗೆ ಅಧಿಕಾರವಿರಲಿಲ್ಲ.

ಮರುದಿನ ನಿಯಮ ಬರೆದಳು. ಪ್ರಸಾರದ ಪ್ರೋಗ್ರಾಂ ಹಾಡು, ವಾರ್ತೆಗಳ ಕಡತಗಳನ್ನು ಓದಬಹುದು, ಧ್ವನಿ ಕಳಿಸಬಹುದು. ಮೈಕನ್ನು ಮುಟ್ಟುವ ಹಾಗಿಲ್ಲ. ಕಾವಲಿನ ಸ್ಥಿತಿಯಿಂದ ತಡೆಯ ಸ್ಥಿತಿಗೆ ಬದಲಿಸಿದಳು. ಹಾಡುಗಳು ಸಲೀಸಾಗಿ ಹರಿದವು. ನಡುವಿನ ಮೌನಗಳಲ್ಲಿ ಬರೀ ಮೌನವೇ ಇತ್ತು.

ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ಮಾತ್ರ ಆ ಮೌನ ಮುಗಿಯಲೇ ಇಲ್ಲ. ವಾರ್ತೆ ಬರಲಿಲ್ಲ, ಹಾಡೂ ಬರಲಿಲ್ಲ. ಮನೆಯಿಂದ ಅತ್ತೆಯ ಫೋನ್: "ಏನೇ, ನಿಮ್ಮ ರೇಡಿಯೋ ಸತ್ತೋಯ್ತಾ?" ಅದನ್ನು ಇಡುವಷ್ಟರಲ್ಲಿ ಸಾಹೇಬರು ಏದುಸಿರು ಬಿಡುತ್ತಾ ಒಳಗೆ ಬಂದರು.

"ನಾನು ಹೇಳಿರಲಿಲ್ವಾ? ಆಫ್ ಮಾಡಿ ಅದನ್ನ! ಮೊದಲು ಆಫ್ ಮಾಡಿ!"

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಬೇಡ ಸರ್. ಒಂದು ನಿಮಿಷ ಕೊಡಿ."

ಅವಳ ಕಣ್ಣು ತಡೆಯ ದಾಖಲೆಯ ಮೇಲೇ ಇತ್ತು. ವಾರ್ತೆಯ ಕಡತಕ್ಕೇ ಪ್ರವೇಶವಿಲ್ಲ ಎಂದಿದೆ. ಯಾಕೆ? ನಿನ್ನೆಯ ವಾರ್ತೆಯೂ ಇದೇ ಜಾಗದಲ್ಲಿತ್ತಲ್ಲ, ಕಾವಲಿಗೆ ಸಿಕ್ಕಿರಲಿಲ್ಲವಲ್ಲ? ಹೊಳೆಯಿತು. ಈ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಂದು ಗುರುತುಚೀಟಿ ಇರುತ್ತದೆ. ನಕಲು ಮಾಡಿ ತಂದ ಕಡತ ಹೊಸ ಜಾಗದ ಗುರುತು ಪಡೆಯುತ್ತದೆ. ಎತ್ತಿ ತಂದಿಟ್ಟ ಕಡತ ಹಳೆಯ ಮನೆಯ ಗುರುತನ್ನೇ ಅಂಟಿಸಿಕೊಂಡು ಬರುತ್ತದೆ. ವಾರ್ತೆ ಓದುವವರು ಇವತ್ತು ತಮ್ಮ ಖಾಸಗಿ ಫೋಲ್ಡರಿನಿಂದ ಅದನ್ನು ಹಾಗೇ ಎತ್ತಿ ಇಟ್ಟಿದ್ದರು. ಪ್ರೋಗ್ರಾಂ ಅದನ್ನು ಬಿಟ್ಟು ಮುಂದಕ್ಕೂ ಹೋಗದೆ, ಮುಚ್ಚಿದ ಬಾಗಿಲನ್ನೇ ತಟ್ಟುತ್ತಾ ನಿಂತಿತ್ತು.

ಒಂದೇ ಸಾಲಿನ ಆಜ್ಞೆ ಕೊಟ್ಟು ಗುರುತು ಸರಿಪಡಿಸಿದಳು. ವಾರ್ತೆ ಶುರುವಾಯಿತು. ಸಾಹೇಬರು ಹಣೆ ಒರೆಸಿಕೊಂಡು, "ನಾಳೆಯೂ ಹೀಗಾಗುತ್ತಾ?" ಎಂದರು, ದನಿ ತಗ್ಗಿಸಿ.

"ಬೇರೆ ಏನಾದ್ರೂ ಆಗಬಹುದು ಸರ್. ಆದಾಗ ನೋಡ್ಕೋತೀನಿ. ಇದೊಂದು ಮತ್ತೆ ಆಗಲ್ಲ, ಎತ್ತಿಡದೆ ನಕಲು ಮಾಡಿ ಅಂತ ವಾರ್ತೆಯವರಿಗೆ ಹೇಳ್ತೀನಿ."

ಆ ವಾರ ಇನ್ನೂ ಒಂದೆರಡು ಸಲ ತೊಡಕಾಯಿತು. ಪ್ರತಿ ಸಲವೂ ಸಾಹೇಬರು ಓಡಿ ಬಂದರು, ಆದರೆ ಆಫ್ ಮಾಡಿ ಎನ್ನಲಿಲ್ಲ, "ಈ ಸಲ ಯಾಕಂತೆ?" ಎಂದರು.

ಗುಡಿಸುವ ಅಣ್ಣ ಕೆಲವು ದಿನ ಸ್ಟುಡಿಯೋದಲ್ಲಿ ಬಾಯಿ ಬಿಗಿದುಕೊಂಡೇ ಒರೆಸಿದ. ಆಮೇಲೊಂದು ದಿನ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು, "ಮುಚ್ಚಿದ್ದೀರಲ್ವಾ ಮೇಡಂ?" ಎಂದ.

"ಮುಚ್ಚಿದ್ದೀನಿ. ನಾನೇ ನಿಯಮ ಬದಲಿಸದೆ ಅದು ತೆರೆಯಲ್ಲ. ಬದಲಿಸಬೇಕಾಗಿ ಬಂದ್ರೆ ನಿಮಗೆ ಮೊದಲು ಹೇಳ್ತೀನಿ." ಆಮೇಲೆ ತಡೆಯಲಾರದೆ ಕೇಳಿದಳು. "ಮಗಳು ಬಂದಳಾ ಅಣ್ಣ?"

"ಬಂದಳು. ನಾನೇ ಹೋಗಿ ಕರ್ಕೊಂಡು ಬಂದೆ. ಈಗ ಹೊಲಿಗೆ ಅಂಗಡೀಲಿ ಕೆಲಸ ಮಾಡ್ತಾಳೆ. ಬೆಳಗ್ಗೆ ನನಗಿಂತ ಮುಂಚೆ ಹೊರಡ್ತಾಳೆ."

ಯಾಕಮ್ಮ ಅತ್ತೆಯ ವಿಷಯ ಹೇಳಿದಳು.

"ಕಾದಿದ್ರಾ ಅವರು? ಹಾಗಾದ್ರೆ ಹೇಳಿ ಮೇಡಂ. ಬಂದಳು, ಚೆನ್ನಾಗಿದ್ದಾಳೆ ಅಂತ ಹೇಳಿ."

ಹೊರಡುವ ಬದಲು ಅವನು ಜೇಬಿನಿಂದ ತನ್ನ ಫೋನ್ ತೆಗೆದ. ಫೋನಿನ ಯಾವ ಯಾವ ಆ್ಯಪಿನ ಕೈಗೆ ಮೈಕ್ ಕೊಟ್ಟಿದೆ ಎಂದು ತೋರಿಸುವ ಪುಟವನ್ನು ಮಗಳು ಹುಡುಕಿಕೊಟ್ಟಿದ್ದಳಂತೆ. ಅದರಲ್ಲಿ ಬೆಳಕು ಬಿಡುವ ಟಾರ್ಚಿನ ಆ್ಯಪೂ ಇತ್ತು.

"ಟಾರ್ಚಿಗೆ ನನ್ನ ಮಾತು ಕೇಳಿ ಏನಾಗಬೇಕು ಮೇಡಂ?"

"ಗೊತ್ತಿಲ್ಲ ಅಣ್ಣ," ಎಂದಳು ಯಾಕಮ್ಮ. ಇನ್ನೊಂದು ಕುರ್ಚಿಯನ್ನು ಕಾಲಿನಿಂದಲೇ ಅವನ ಕಡೆ ತಳ್ಳಿ, ಕನ್ನಡಕ ಹಾಕಿಕೊಂಡಳು. "ಕೊಡಿ ಇಲ್ಲಿ, ನೋಡೋಣ."