ಬಿಸಿಲು ಬಂದರೆ ಕ್ಯಾಮೆರಾ ಮುಚ್ಚುತ್ತಿದ್ದ ಇಸ್ಮಾಯಿಲ್ ಭಾಯ್

ಬಿಸಿಲು ಕಂಡರೆ ಮುಖ ಸಿಂಡರಿಸಿಕೊಂಡು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಬಿಡುವ ಫೋಟೋಗ್ರಾಫರ್ ಅಂತ ನಾನು ನೋಡಿದ್ದು ಇಸ್ಮಾಯಿಲ್ ಭಾಯ್ ಒಬ್ಬರನ್ನೇ. ಮೋಡ ಕವಿದು ಮಿಕ್ಕವರೆಲ್ಲ ಬಟ್ಟೆ ತೆಗೆಯಲು ಮಹಡಿಗೆ ಓಡುವಾಗ ಅವರು ಪುಲಿಕೇಶಿನಗರದ ನಮ್ಮ ಬೀದಿಯಲ್ಲಿ ಹಾಜರಾಗುತ್ತಿದ್ದರು. ಕೊಡೆಯ ಹಿಡಿಯನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ಕಿನ ಸ್ನಾನದ ಟೋಪಿ ತೊಡಿಸಿ, ಹಳೆಯ ಮನೆಗಳ ಫೋಟೋ ತೆಗೆಯುತ್ತಿದ್ದರು. ಮನೆಯವರನ್ನೂ ಬಾಗಿಲಿಗೆ ಕರೆದು ನಿಲ್ಲಿಸುತ್ತಿದ್ದರು.

ಶಿವಾಜಿನಗರದಲ್ಲಿ ಒಂದು ಕಾಲಕ್ಕೆ ಅವರ ಸ್ಟುಡಿಯೋ ಇತ್ತಂತೆ. ಮೊಬೈಲ್ ಬಂದ ಮೇಲೆ ಮುಚ್ಚಿದರಂತೆ. ಈ 'ಅಂತೆ'ಗಳನ್ನು ನಾನು ನಂಬಲಿಲ್ಲ. ವಿಮಾನಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು ನಾನು. ಕೈಗೆ ಬಂದದ್ದರಲ್ಲೆಲ್ಲ ಬಿರುಕು ಹುಡುಕುವುದು ರಕ್ತಕ್ಕೇ ಇಳಿದಿತ್ತು. ಅದೂ ಅಲ್ಲದೆ, ಅವರು ಫೋಟೋ ತೆಗೆದ ಮೂರು ಮನೆಗಳು ವರ್ಷ ತುಂಬುವುದರೊಳಗೆ ನೆಲಸಮವಾಗಿದ್ದವು. ಇವರು ಬಿಲ್ಡರ್ ಕಡೆಯವರೇ, ಒಳಗೆ ಯಾರ್‍ಯಾರಿದ್ದಾರೆಂದು ನೋಡಿಕೊಂಡು ಹೋಗುತ್ತಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ನಮ್ಮದು ಬಾಡಿಗೆ ಮನೆ. ಇಪ್ಪತ್ತಾರು ವರ್ಷ ಇದ್ದ ಹೆಂಚಿನ ಮನೆ. ಅದು ಕೈಬಿಟ್ಟರೆ ಎಲ್ಲಿಗೆ ಹೋಗುವುದೆಂಬ ಹೆದರಿಕೆ ನನ್ನನ್ನೂ ನನ್ನ ಹೆಂಡತಿ ವಿಮಲೆಯನ್ನೂ ಸದಾ ಕಾಡುತ್ತಿತ್ತು.

ಒಮ್ಮೆ ಅವರ ಹಿಂದೆಯೇ ಹೋಗಿ ಮಸೀದಿ ರಸ್ತೆಯ ಚಹಾದಂಗಡಿಯಲ್ಲಿ ಎದುರಿಗೇ ಕೂತೆ. "ಏನ್ರೀ, ಬಿಸಿಲಲ್ಲಿ ಫೋಟೋ ಬರಲ್ವಾ?" ಎಂದು ಕೆಣಕಿದೆ.

"ಬರ್ತದೆ ಸಾರ್. ಬಿಸಿಲಲ್ಲಿ ಗೋಡೆ ಬೆಳ್ಳಗೆ ಹೊಡೀತದೆ, ಬಾಗಿಲ ಒಳಗೆ ಪೂರಾ ಕತ್ಲೆ. ಮೋಡ ಇದ್ರೆ ಎರಡೂ ಕಾಣ್ತದೆ. ಮಳೆ ನಿಂತ ತಕ್ಷಣ ತೆಗೀಬೇಕು, ಒದ್ದೆ ಗೋಡೆಗೇ ಅಸಲಿ ಬಣ್ಣ. ಆಕಾಶ ಮಾತ್ರ ಸೇರಿಸ್ಬಾರ್ದು, ಸುಮ್ನೆ ಬಿಳೀ ಕಾಗದ ಥರ ಇರ್ತದೆ."

"ಕ್ಯಾಮೆರಾ ಹಾಳಾಗಲ್ವಾ?"

"ಮನೇಗೆ ಹೋಗಿ ಬಟ್ಟೆ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡ್ತೀನಿ. ಅನ್ನ ಕ್ಯಾಮೆರಾ ವಾಸ್ನೆ ಹೊಡೀತದೆ ಅಂತ ಮಗಳು ಬೈತಾಳೆ," ಎಂದು ನಕ್ಕರು. ನನ್ನ ಚಹಾಕ್ಕೂ ಅವರೇ ಕೊಟ್ಟರು. ಇಷ್ಟು ಒಳ್ಳೆಯತನದ ಹಿಂದೆ ಏನೋ ಇದ್ದೇ ಇರುತ್ತದೆ ಎಂದುಕೊಂಡು ಎದ್ದುಬಂದೆ.

ಮರುವಾರ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಕಿಟಕಿಯಿಂದ ನೋಡಿದರೆ ಇಸ್ಮಾಯಿಲ್ ಭಾಯ್ ನಮ್ಮ ಗೇಟಿನ ಮುಂದೆಯೇ ನಿಂತಿದ್ದಾರೆ! ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ.

"ಯಾರ್ರೀ ಕಳ್ಸಿದ್ದು ನಿಮ್ಮನ್ನ?"

"ಯಾರೂ ಕಳ್ಸಿಲ್ಲ ಸಾರ್."

"ತೆಗೆದಿರೋದನ್ನೆಲ್ಲ ಅಳಿಸಿ. ನನ್ನ ಕಣ್ಣೆದುರಿಗೇ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದೊಂದಾಗಿ ಅಳಿಸಿದರು. ಕೊನೆಯದರಲ್ಲಿ ನಮ್ಮ ಹಸಿರು ಬಾಗಿಲು ಹೊಳೆಯುತ್ತಿತ್ತು, ಒಳಗಿನ ಹಜಾರದ ಕೆಂಪು ನೆಲವೂ ಕಾಣುತ್ತಿತ್ತು. ಅದನ್ನೂ ಅಳಿಸಿದರು. ಆಮೇಲೆ ಮೆಲ್ಲಗೆ, "ಸಾರ್, ಈ ಮಳೆಗಾಲದಲ್ಲೇ ತೆಗಿಸ್ಕೊಂಬಿಡಿ. ಮೇಡಂನ ಕರೀರಿ, ಇಬ್ರೂ ಬಾಗಿಲಲ್ಲಿ ನಿಂತ್ಕೊಳಿ, ಎರಡು ನಿಮಿಷ ಸಾಕು," ಎಂದರು. ನಾನು ಅವರ ಮುಖಕ್ಕೆ ಹೊಡೆದಂತೆ ಗೇಟು ಹಾಕಿದೆ. ಆಮೇಲೆ ಅವರು ನಮ್ಮ ಬೀದಿಗೆ ಬಂದದ್ದನ್ನು ನಾನು ಕಾಣಲಿಲ್ಲ.

ಎರಡು ತಿಂಗಳಿಗೆ ಮಾಲೀಕರು ಮನೆ ಮಾರಿಬಿಟ್ಟಿರುವುದಾಗಿ ತಿಳಿಸಿದರು. ನಾನು ಹೇಳಿರಲಿಲ್ಲವೇ ಎಂದು ವಿಮಲೆಯ ಮುಂದೆ ಭಾಯಿಯನ್ನು ಬಾಯಿಗೆ ಬಂದಂತೆ ಬೈದೆ. ಮನೆ ಖಾಲಿ ಮಾಡುವ ದಿನ ಬಾಗಿಲು, ಕಿಟಕಿ ಕಳಚಲು ಹಳೇ ಮರದ ವ್ಯಾಪಾರಿಯೊಬ್ಬ ಬಂದ. ಬಾಗಿಲನ್ನು ಸವರುತ್ತಾ, "ಇಸ್ಮಾಯಿಲ್ ಭಾಯ್ ಇದ್ರ ಫೋಟೋ ತಗೊಂಡ್ರಾ ಸಾರ್?" ಎಂದು ಕೇಳಿದ.

"ನಿಂಗೆ ಹೇಗಪ್ಪಾ ಗೊತ್ತು ಅವರು?"

"ನಾನೇ ಹೇಳೋದು ಅವರಿಗೆ. ಮನೆ ಮಾರಿದ ಮೇಲೆ ಓನರ್ ಮೊದ್ಲು ಹೊರಗಿಂದ್ಲೇ ಮರ ನೋಡೋಕೆ ನಮ್ಮನ್ನ ಕರೀತಾರೆ. ಯಾವ ಮನೆ ಹೋಗ್ತದೆ ಅಂತ ಆವತ್ತೇ ಭಾಯಿಗೆ ಹೇಳ್ಬಿಡ್ತೀನಿ. ಒಡೆಯೋ ಮುಂಚೆ ಒಂದು ಫೋಟೋ ತೆಗೆದು ಇಟ್ಕೊಂತಾರೆ, ಮನೆಯವರು ಕೇಳಿದ್ರೆ ಕೊಡ್ತಾರೆ."

ನಾನು ಜಗಲಿಯ ಮೇಲೆ ಕೂತೆ. ಅವರು ನಮ್ಮ ಗೇಟಿಗೆ ಬಂದಾಗಲೇ ಮನೆ ಹೋಗಿಯಾಗಿತ್ತು. ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಸಿಟ್ಟೂ ಬಂತು. ಮಾಲೀಕರೇ ಮುಚ್ಚಿಟ್ಟ ಮಾತನ್ನು ಅವರು ಹೇಗೆ ಹೇಳಿಯಾರು? ಹೇಳಿದ್ದರೂ ನಾನು ನಂಬುತ್ತಿದ್ದೆನೇ?

ಕೆ.ಆರ್. ಪುರದ ಫ್ಲ್ಯಾಟಿಗೆ ಬಂದ ಮೇಲೆ ವಿಮಲೆ ಮೊಬೈಲಿನಲ್ಲಿ ಹಳೇ ಮನೆಯ ಫೋಟೋ ಹುಡುಕಿದಳು. ಮಗಳ ನಿಶ್ಚಿತಾರ್ಥ, ಮೊಮ್ಮಗನ ಕೇಕು, ಎಲ್ಲ ಇತ್ತು. ಮನೆ ಇರಲಿಲ್ಲ.

ಮುಂದಿನ ಮಳೆಗಾಲಕ್ಕೆ ಆ ಮರದ ವ್ಯಾಪಾರಿಯಿಂದ ಅವರ ಮನೆಯ ವಿಳಾಸ ಪಡೆದು, ಕ್ಷಮೆ ಕೇಳಲೆಂದು ಶಿವಾಜಿನಗರಕ್ಕೆ ಹೋದೆ. ಕ್ಷಮೆ ಕೇಳುವಂಥ ಜಾತಿಯವನಲ್ಲ ನಾನು, ಆದರೂ ಹೋದೆ. ಬಾಗಿಲು ತೆಗೆದವಳು ಅವರ ಮಗಳು. "ಅಬ್ಬಾ ಹೋಗ್ಬಿಟ್ರು ಅಂಕಲ್, ಬೇಸಿಗೇಲಿ," ಎಂದಳು. ನಾನು ಮನೆಯ ನಂಬರು ಹೇಳಿದೆ. ಅವಳು ಟ್ರಂಕಿನಿಂದ ಲಕೋಟೆಗಳ ಕಟ್ಟು ತೆಗೆದಳು. ಒಂದೊಂದರ ಮೇಲೂ ಒಂದೊಂದು ಮನೆಯ ನಂಬರು. ಒಳಗಿನ ಫೋಟೋಗಳಲ್ಲಿ ನಮ್ಮ ಬೀದಿಯ ಹಳೇ ಮನೆಗಳವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಮ್ಮ ನಂಬರಿನ ಲಕೋಟೆಯೂ ಇತ್ತು. ಅದನ್ನು ಬಿಡಿಸಿದೆ. ಒಳಗೆ ಏನೂ ಇರಲಿಲ್ಲ.

"ಇದೊಂದು ಯಾಕೆ ಖಾಲಿ ಅಂತ ನಂಗೂ ಗೊತ್ತಿಲ್ಲ ಅಂಕಲ್. ಬಿಸಾಡೋಕೆ ಹೋದ್ರೆ ಬೈತಿದ್ರು," ಎಂದಳು ಆ ಹುಡುಗಿ. "ನಿಮ್ಮತ್ರ ಆ ಮನೆ ಫೋಟೋ ಇದ್ರೆ ಕೊಡಿ, ಇದರಲ್ಲಿ ಹಾಕಿಡ್ತೀನಿ."