ಸುಮ್ಮನಾದ ಮೈದಾನ

ನೀರು ಚಿಮುಕಿಸಿದ ಮಣ್ಣಿನ ವಾಸನೆಯಿಂದಲೇ ಗೊತ್ತಾಯಿತು, ಇವತ್ತು ಕೋಡಿಂಬಾಳದಲ್ಲಿ ಕಬಡ್ಡಿ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಪಂಜದ ಮೈದಾನದಲ್ಲಿ ಆಡುವ ಹುಡುಗರ ಚಪ್ಪಲಿ ಕಾಯುತ್ತಿದ್ದೆ. ಆಟ ಕಲಿಸುತ್ತಿದ್ದ ಕುಶಾಲಣ್ಣ ಒಂದು ದಿನ ಕೈಹಿಡಿದು ನನ್ನನ್ನು ಅಂಕಣದೊಳಗೆ ನಿಲ್ಲಿಸಿದರು.

“ಬಿದ್ದರೆ ಎಂತ ಮಾಡುದು?” ಅಮ್ಮ ಹೆದರಿ ಕೇಳಿದರು.

“ಬಿದ್ದರೆ ಏಳ್ತಾನೆ ಅಕ್ಕ. ಎದುರಿನವ ಕಬಡ್ಡಿ ಹೇಳಿಕೊಂಡೇ ಬರುದಲ್ವಾ, ಇವನಿಗೆ ಕೇಳುದಿಲ್ವಾ?” ಎಂದವರು ನೋಡುವವರತ್ತ ತಿರುಗಿ, “ನೀವು ಸ್ವಲ್ಪ ಬಾಯಿ ಮುಚ್ಚಿ ಮಾರಾಯ್ರೆ” ಎಂದರು.

ಅಷ್ಟು ಗಲಾಟೆಯ ಊರು ನನಗಾಗಿ ಉಸಿರು ಬಿಗಿಹಿಡಿಯಿತು. ಹತ್ತಿರ ಬಂದ ಸ್ವರದ ಕಡೆಗೆ ನುಗ್ಗಿ ಕಾಲು ಹಿಡಿದೆ. ಬಿಡಲಿಲ್ಲ.

ಇವತ್ತೂ ಕಿವಿ ಕಿತ್ತುಹೋಗುವಷ್ಟು ಬೊಬ್ಬೆ. ಇದ್ದಕ್ಕಿದ್ದಂತೆ ಮೈದಾನವಿಡೀ ಸುಮ್ಮನಾಗಿ, ಒಂದೇ ಸ್ವರ ಉಳಿಯಿತು: ಕಬಡ್ಡಿ, ಕಬಡ್ಡಿ. ನನ್ನಂಥ ಮಗುವೊಂದು ಅಂಕಣದಲ್ಲಿದೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.